ಕೀಳಿಸದಿದ್ದರೆ ಏನಾಗುತ್ತದೆ?

(ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡಿಗರು ಒಂದು ಭಾನುವಾರ ಬೆಳಿಗ್ಗೆ ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಒಪ್ಪ ಮಾಡಿದ್ದೇನೆ, ಉಳಿದದ್ದು ಆಡಿದ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಲೋಕಲ್ ಟ್ರೈನುಗಳಿಗೆ ತಡೆ. ಘಾಟ್‌ಕೋಪರ್, ಮುಲುಂಡ್ ಕಡೆಯಿಂದ ಹೇಗೆ ಬಂದಿರೋ ದೇವರೇ ಬಲ್ಲ. ನೋವಿಲ್ಲದೆ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಬಂದ ಇಷ್ಟು ಜನರನ್ನು ನಾನು ಇದೇ ಮೊದಲು ನೋಡುತ್ತಿರುವುದು. ನನ್ನ ಕ್ಲಿನಿಕ್ಕಿಗೆ ಬರುವವರು ರಾತ್ರಿಯಿಡೀ ಲವಂಗ ಕಚ್ಚಿಕೊಂಡು ಕೂತು, ಬೆಳಿಗ್ಗೆ ಕೆನ್ನೆ ಹಿಡಿದುಕೊಂಡು ಬರುತ್ತಾರೆ.

ಇವತ್ತಿನ ವಿಷಯ ಬುದ್ಧಿಹಲ್ಲು. ಇಲ್ಲಿ ಮರಾಠಿಯವರು ಅಕ್ಕಲ್‌ದಾಢ ಅನ್ನುತ್ತಾರೆ, ನಮ್ಮ ಮಕ್ಕಳೂ ಅದನ್ನೇ ಹೇಳುತ್ತವೆ. ತುಳುವಿನಲ್ಲಿ ಹಲ್ಲಿಗೆ ಕೂಲಿ ಎಂದು ಹೆಸರು. ಹೋಟೆಲಿನ ಶೆಟ್ಟರೊಬ್ಬರು ನನ್ನ ಬಿಲ್ಲು ನೋಡಿ, "ಒಂದು ದಿನವೂ ಕೆಲಸ ಮಾಡದ ಹಲ್ಲಿಗೆ ಇಷ್ಟು ಕೂಲಿಯಾ ಡಾಕ್ಟ್ರೇ?" ಅಂದಿದ್ದರು. ಅವರು ಹೇಳಿದ್ದು ಸುಳ್ಳಲ್ಲ.

ಸಾಮಾನ್ಯವಾಗಿ 17ರಿಂದ 25ನೇ ವಯಸ್ಸಿನೊಳಗೆ, ದವಡೆಯ ನಾಲ್ಕು ಮೂಲೆಗಳಲ್ಲಿ, ಎಲ್ಲ ಹಲ್ಲುಗಳಿಗಿಂತ ಕೊನೆಯಲ್ಲಿ ಬರುವ ಹಲ್ಲು ಇದು. ಕೆಲವರಿಗೆ ನಾಲ್ಕೂ ಬರುತ್ತವೆ, ಕೆಲವರಿಗೆ ಎರಡು, ಕೆಲವರಿಗೆ ಹುಟ್ಟುವುದೇ ಇಲ್ಲ. ತೊಂದರೆ ಏನೆಂದು ಮುಂಬೈಯವರಿಗೆ ವಿವರಿಸುವುದು ಸುಲಭ. ಲೋಕಲ್ ಟ್ರೈನಿನಲ್ಲಿ ಮೂರು ಜನರ ಸೀಟು ಇರುತ್ತದೆ, ನಾಲ್ಕನೆಯವನು ಬಂದು "ಜರಾ ಸರಕೋ", ಸ್ವಲ್ಪ ಸರಿಯಿರಿ, ಅನ್ನುತ್ತಾನೆ. ಜಾಗ ಸಿಕ್ಕಿದರೆ ನೆಟ್ಟಗೆ ಕೂರುತ್ತಾನೆ. ಸಿಗದಿದ್ದರೆ ಅರ್ಧ ಸೊಂಟ ಒಳಗೆ, ಅರ್ಧ ಹೊರಗೆ, ಪಕ್ಕದವನ ಮೇಲೆ ವಾಲಿಕೊಂಡು ಅಂಬರನಾಥದವರೆಗೆ ಹೋಗುತ್ತಾನೆ. ಈ ಹಲ್ಲೂ ಹಾಗೆಯೇ. ನೆಟ್ಟಗೆ ಬಂದರೆ ಸರಿ. ಇಲ್ಲವಾದರೆ ಮುಂದಿನ ಹಲ್ಲಿನ ಮೇಲೆ ವಾಲುತ್ತದೆ, ಒಮ್ಮೊಮ್ಮೆ ಮೂಳೆಯೊಳಗೇ ಪೂರ್ತಿ ಮಲಗಿಬಿಡುತ್ತದೆ. ಅರ್ಧ ಹೊರಗೆ ಬಂದ ಹಲ್ಲಿನ ಮೇಲೆ ವಸಡು ಒಂದು ಮುಚ್ಚಳದ ಹಾಗೆ ಉಳಿದುಕೊಂಡು, ಅದರ ಕೆಳಗೆ ಅನ್ನದ ಅಗುಳು ಸೇರಿ, ಸೋಂಕಾಗಿ, ಕೆನ್ನೆ ಊದಿ, ಬಾಯಿ ತೆರೆಯಲು ಬಾರದೆ ನೀವು ನನ್ನ ಹತ್ತಿರ ಬರುತ್ತೀರಿ. ಬರುವಷ್ಟರಲ್ಲಿ ನಿಮ್ಮ ಕೈಯಲ್ಲಿ ಮೊಬೈಲೂ ಇರುತ್ತದೆ, ಅದರಲ್ಲಿ ಓದಿದ್ದೂ ಇರುತ್ತದೆ.

ಮೊಬೈಲ್ ನೋಡಿ ಬಂದವರನ್ನು ಕಂಡರೆ ಸಿಡುಕುವ ಡಾಕ್ಟರುಗಳಿದ್ದಾರೆ. ನಾನೂ ಸಿಡುಕುತ್ತಿದ್ದೆ. ಆಮೇಲೆ ಒಂದು ಭಾನುವಾರ ನನ್ನ ಮಗಳ ಜೊತೆ ಕೂತು, ನಾನೇ ರೋಗಿ ಅಂದುಕೊಂಡು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹುಡುಕಿ ನೋಡಿದೆ. ಇದನ್ನು ಸಂಶೋಧನೆ ಅಂತ ತಿಳಿಯಬೇಡಿ, ಮಧ್ಯಾಹ್ನದ ಊಟದ ಮೇಲೆ ಎರಡು ಗಂಟೆ ಕೂತು ಮಾಡಿದ ಕೆಲಸ. ಸಿಕ್ಕಿದ್ದರಲ್ಲಿ ಹೆಚ್ಚಿನವು ಕ್ಲಿನಿಕ್ಕುಗಳ ಪುಟಗಳು. ನಗುವ ಹುಡುಗಿಯ ಚಿತ್ರ, "ನೋವಿಲ್ಲದೆ ಅರ್ಧ ಗಂಟೆಯಲ್ಲಿ", ಕೆಳಗೆ ಫೋನ್ ನಂಬರು. ಆಮೇಲೆ ಅಮೆರಿಕದ ಹುಡುಗರು ಮಂಪರಿನಲ್ಲಿ ಏನೇನೋ ಬಡಬಡಿಸುವ ತಮಾಷೆಯ ವಿಡಿಯೊಗಳು. ಹಲ್ಲು ತೆಗೆಯುವುದು ಹೇಗೆ, ಮೊದಲು ಏನು ತಿನ್ನಬೇಕು, ಆಮೇಲೆ ಏನು ತಿನ್ನಬಾರದು, ಎಷ್ಟು ದಿನ ರಜೆ ಹಾಕಬೇಕು, ಎಲ್ಲ ಇತ್ತು. ಮಗಳು ಕೇಳಿದಳು: "ಅಪ್ಪ, ತೆಗೆಸದೆ ಹಾಗೇ ಬಿಟ್ಟರೆ ಏನಾಗುತ್ತೆ ಅಂತ ಯಾರೂ ಬರೆದಿಲ್ವಲ್ಲ?"

ನಾನು ಸುಮ್ಮನಾದೆ. ಯಾಕೆಂದರೆ ನನ್ನ ಕುರ್ಚಿಯಲ್ಲಿ ಕೂತವರಿಗೂ ನಾನು ಅದನ್ನು ಹೇಳುತ್ತಿರಲಿಲ್ಲ. ಎಕ್ಸ್‌ರೇ ಎತ್ತಿ ಹಿಡಿದು, "ನೋಡಿ, ಅಡ್ಡ ಇದೆ, ತೆಗೀಬೇಕು, ಬುಧವಾರ ಬರ್ತೀರಾ ಶುಕ್ರವಾರ ಬರ್ತೀರಾ?" ಅನ್ನುತ್ತಿದ್ದೆ. ಅದೂ ಒಂದು ಆಯ್ಕೆಯೇ ಅನ್ನಿ, ಬುಧವಾರವೋ ಶುಕ್ರವಾರವೋ ಅಂತ.

ಆರೋಗ್ಯದ ಬರಹ ಚೆನ್ನಾಗಿದೆಯೋ ಇಲ್ಲವೋ ಅಂತ ಅಳೆಯಲು ಬ್ರಿಟನ್ನಿನಲ್ಲಿ 1999ರಲ್ಲಿ ಡಿಸರ್ನ್ ಎಂಬ ಪ್ರಶ್ನಾವಳಿ ಮಾಡಿದರು. 16 ಪ್ರಶ್ನೆಗಳು. ಬರೆದದ್ದಕ್ಕೆ ಆಧಾರ ಏನು, ಯಾವಾಗ ಬರೆದದ್ದು, ಒಂದೇ ಕಡೆಗೆ ವಾಲಿದೆಯಾ, ಹೀಗೆ. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ಎರಡು. ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆಂದು ಹೇಳಿದೆಯಾ ಎಂಬುದು ಒಂದು. ರೋಗಿಯೂ ಡಾಕ್ಟರೂ ಕೂಡಿ ತೀರ್ಮಾನ ಮಾಡಲು ಈ ಬರಹದಿಂದ ಸಹಾಯ ಆಗುತ್ತದೆಯಾ ಎಂಬುದು ಇನ್ನೊಂದು. ಇಂಗ್ಲಿಷಿನಲ್ಲಿ ಶೇರ್ಡ್ ಡಿಸಿಷನ್ ಮೇಕಿಂಗ್ ಎನ್ನುವುದು ಇದಕ್ಕೇ. ಕೂಡಿ ತೀರ್ಮಾನಿಸುವುದು ಅಂದರೆ ಸಾಕು. ಡಾಕ್ಟರಿಗೆ ಹಲ್ಲಿನ ವಿಷಯ ಗೊತ್ತು, ನಿಮಗೆ ನಿಮ್ಮ ಬದುಕಿನ ವಿಷಯ ಗೊತ್ತು, ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಬೇಕು. ನಾವಿಬ್ಬರೂ ನಮ್ಮ ನಮ್ಮ ಅರ್ಧವನ್ನು ಜೇಬಿನಲ್ಲಿ ಇಟ್ಟುಕೊಂಡೇ ಮಾತಾಡುತ್ತೇವೆ, ಕಷ್ಟ ಇರುವುದು ಅಲ್ಲಿ.

ಈಗ ನನ್ನ ಅರ್ಧ ಹೇಳುತ್ತೇನೆ. ಹಲ್ಲು ಹುಳುಕಾಗಿ ತುಂಬಲು ಬಾರದ ಹಾಗಾಗಿದ್ದರೆ, ಕೀವು ಕಟ್ಟಿದ್ದರೆ, ಸುತ್ತ ನೀರಿನ ಚೀಲದಂಥ ಗಂಟು ಬೆಳೆದಿದ್ದರೆ ತೆಗೆಯಬೇಕು. ಅದರಲ್ಲಿ ಯಾರ ತಕರಾರೂ ಇಲ್ಲ. ತಕರಾರು ಇರುವುದು ಏನೂ ಮಾಡದೆ ಸುಮ್ಮನೆ ಅಡ್ಡ ಮಲಗಿರುವ ಹಲ್ಲಿನ ಬಗ್ಗೆ. ಅಮೆರಿಕದಲ್ಲಿ ಹದಿಹರೆಯದಲ್ಲೇ ನಾಲ್ಕನ್ನೂ ತೆಗೆಸುವ ರೂಢಿ ಬೆಳೆದಿದೆ. ಅಲ್ಲಿಯದೇ ಸಾರ್ವಜನಿಕ ಆರೋಗ್ಯ ಸಂಘ 2008ರಲ್ಲಿ ಈ ಮುಂಜಾಗ್ರತೆಯ ಕೀಳುವಿಕೆಯನ್ನು ವಿರೋಧಿಸಿ ನಿಲುವು ತೆಗೆದುಕೊಂಡಿತು. ಯಾವ ಚಿಕಿತ್ಸೆ ಯಾರಿಗೆ ಬೇಕು ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ನೇ ಇಸವಿಯಲ್ಲೇ, ರೋಗವಿಲ್ಲದ ಹಲ್ಲನ್ನು ಮುಟ್ಟಬೇಡಿ ಎಂದಿತ್ತು. ಮುಚ್ಚಳದ ಕೆಳಗಿನ ಸೋಂಕು ಮೊದಲ ಸಲ ಬಂದಾಗ, ತೀರಾ ಜೋರಿಲ್ಲದಿದ್ದರೆ, ಅದೊಂದೇ ಕಾರಣಕ್ಕೆ ತೆಗೆಯುವುದು ಬೇಡ, ಎರಡನೇ ಸಲ ಬಂದರೆ ತೆಗೆಯಬಹುದು ಎಂಬುದು ಅವರ ಮಾತು. ಲೋಕದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿಯುವ ಕಾಕ್ರೇನ್ ಎಂಬ ಗುಂಪು 2020ರಲ್ಲಿ ಮತ್ತೊಮ್ಮೆ ನೋಡಿತು. ಜರಡಿಯಲ್ಲಿ ಉಳಿದದ್ದು ಎರಡೇ ಎರಡು ಅಧ್ಯಯನ. ತೊಂದರೆ ಕೊಡದ ಹಲ್ಲನ್ನು ತೆಗೆಯಬೇಕು ಅಥವಾ ಇಡಬೇಕು ಎಂದು ಖಡಾಖಂಡಿತ ಹೇಳಲು ಸಾಕಷ್ಟು ಆಧಾರ ಇಲ್ಲ, ಆದ್ದರಿಂದ ರೋಗಿಗೆ ಏನು ಮುಖ್ಯ ಎಂದು ಕೇಳಿ, ಕೂಡಿ ತೀರ್ಮಾನಿಸಿ, ಉಳಿಸಿಕೊಂಡರೆ ಆಗಾಗ ಪರೀಕ್ಷೆ ಮಾಡಿಸಿ ಎಂದಿತು.

ಒಂದೇ ಹಲ್ಲು, ಸಮುದ್ರದ ಆಚೆ ಒಂದು ಮಾತು, ಈಚೆ ಒಂದು ಮಾತು. ನಿಮ್ಮ ಮೊಬೈಲಿನಲ್ಲಿ ಮೊದಲು ಯಾವುದು ಬರುತ್ತದೋ ಅದರ ಮೇಲೆ ನಿಮ್ಮ ಹಲ್ಲಿನ ಹಣೆಬರಹ. ಹಾಗಾಗಿ ಪುಟ ಓದುವಾಗ ಇದು ಯಾವ ದೇಶದ್ದು, ಬರೆದವರು ಯಾರು, ಅವರಿಗೆ ಮಾರಲು ಏನಾದರೂ ಇದೆಯಾ ಎಂದು ನೋಡಿ. ಮಾರುವ ಮಾತು ಬಂತು, ನನ್ನದನ್ನೂ ಹೇಳಿಬಿಡುತ್ತೇನೆ. ಹಲ್ಲು ತೆಗೆದರೆ ನನಗೆ ದುಡ್ಡು ಬರುತ್ತದೆ. "ಇರಲಿ ಬಿಡಿ, ವರ್ಷ ಬಿಟ್ಟು ನೋಡೋಣ" ಅಂದರೆ ಕನ್ಸಲ್ಟೇಷನ್ ಫೀಸು ಮಾತ್ರ. ಇದನ್ನು ತಲೆಯಲ್ಲಿಟ್ಟುಕೊಂಡೇ ನನ್ನ ಮಾತು ಕೇಳಿ.

ಉಲ್ಟಾ ಕಥೆಯೂ ಒಂದಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮವರೇ ಒಬ್ಬರು ಆ ಬ್ರಿಟಿಷ್ ಸಲಹೆಯನ್ನು ಪ್ರಿಂಟ್ ತೆಗೆದುಕೊಂಡು ಬಂದಿದ್ದರು. "ರೋಗ ಇಲ್ಲ ಅಂದಮೇಲೆ ತೆಗೆಯಬಾರದು, ಇಲ್ಲಿ ಬರೆದಿದೆ" ಅಂದರು. ಸರಿ ಎಂದೆ, ಆದರೆ ವರ್ಷಕ್ಕೊಮ್ಮೆ ತೋರಿಸಿ ಎಂದೂ ಹೇಳಿದೆ. ಅವರು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟರು. ನಾಲ್ಕು ವರ್ಷ ಕಳೆದು ಬಂದಾಗ ವಾಲಿದ್ದ ಬುದ್ಧಿಹಲ್ಲಿನ ಸಂದಿಯಲ್ಲಿ ಅನ್ನ ಸಿಕ್ಕಿ ಸಿಕ್ಕಿ, ಅದರ ಮುಂದಿನ ಹಲ್ಲು, ಅಂದರೆ ಒಳ್ಳೆಯ, ದಿನಾ ದುಡಿಯುವ ದವಡೆ ಹಲ್ಲು, ಹಿಂಬದಿಯಿಂದ ಬೇರಿನವರೆಗೆ ಕೊಳೆತಿತ್ತು. ಎರಡನ್ನೂ ತೆಗೆಯಬೇಕಾಯಿತು. ಬ್ರಿಟನ್ನಿನ ಡಾಕ್ಟರುಗಳಲ್ಲೂ ಇದೇ ಕಾರಣಕ್ಕೆ ಆ ಹಳೆಯ ಸಲಹೆಯ ಬಗ್ಗೆ ಚರ್ಚೆ ಎದ್ದಿದೆ. ಮುಂದಕ್ಕೆ ವಾಲಿ ಅರ್ಧ ಹೊರಬಂದ ಹಲ್ಲು ನಿಮ್ಮದಾದರೆ ಈ ಅಪಾಯವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ವಾಟ್ಸಾಪಿನದ್ದು ಬೇಗ ಮುಗಿಸುತ್ತೇನೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುವುದಿಲ್ಲ. ಕಣ್ಣಿನ ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ. ಬುದ್ಧಿಹಲ್ಲು ತಳ್ಳಿ ತಳ್ಳಿ ಮುಂದಿನ ಹಲ್ಲು ವಕ್ರ ಆಗುತ್ತದೆ, ಮದುವೆಗೆ ಮೊದಲು ತೆಗೆಸಿಬಿಡಿ ಅನ್ನುವ ಅಮ್ಮಂದಿರು ಬಹಳ. 1998ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೊಂದು ತೆಗೆಸಿದವರನ್ನೂ ಬಿಟ್ಟವರನ್ನೂ ಐದು ವರ್ಷಕ್ಕೂ ಹೆಚ್ಚು ಕಾಲ ನೋಡಿ, ಆ ಒಂದು ಕಾರಣಕ್ಕೆ ಹಲ್ಲು ತೆಗೆಯುವುದಕ್ಕೆ ಅರ್ಥವಿಲ್ಲ ಎಂದಿತು.

ಇನ್ನು ಭಾಷೆ. ಕನ್ನಡದಲ್ಲಿ ಸಿಗುವ ಪುಟಗಳಲ್ಲಿ ಬಹಳಷ್ಟು ಯಂತ್ರ ತಿರುಗಿಸಿ ಹಾಕಿದ್ದು. "ಬುದ್ಧಿವಂತಿಕೆಯ ಹಲ್ಲುಗಳ ಹೊರತೆಗೆಯುವಿಕೆ" ಎಂದು ಶುರುವಾಗುತ್ತದೆ, ಯಾವುದೋ ಸರ್ಕಾರಿ ಟೆಂಡರ್ ಓದಿದ ಹಾಗೆ. "ಒಣ ಸಾಕೆಟ್" ಅಂತ ಬರುತ್ತದೆ. ಓದಿದ ಅಜ್ಜಿಗೆ ಕರೆಂಟಿನ ಪ್ಲಗ್ ನೆನಪಾದರೆ ತಪ್ಪೇನು? ಹಲ್ಲು ತೆಗೆದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಆ ಹೆಪ್ಪು ಜಾರಿಹೋದರೆ ಮೂಳೆ ಬರಿದಾಗಿ, ಎರಡು ಮೂರು ದಿನದ ಮೇಲೆ ಕಿವಿಯವರೆಗೆ ಸಿಡಿಯುವ ನೋವು ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಜಾಸ್ತಿ. ಇಷ್ಟನ್ನು ಹೇಳಲು ಸಾಕೆಟ್ ಯಾಕೆ ಬೇಕು? ಆಮೇಲೆ ಊಟ. ಮೊದಲೆರಡು ದಿನ ಆಪಲ್ ಸಾಸ್, ಮ್ಯಾಶ್ಡ್ ಪೊಟಾಟೊ ತಿನ್ನಿ ಎಂದು ಬರೆದಿರುತ್ತಾರೆ. ಒಬ್ಬ ಹುಡುಗ ಆಪಲ್ ಸಾಸ್ ಹುಡುಕಿಕೊಂಡು ಡೊಂಬಿವಲಿ ಈಸ್ಟಿನಿಂದ ವೆಸ್ಟಿಗೆ ಅಲೆದಿದ್ದ. ಅವನ ಅಮ್ಮ ಮನೆಯಲ್ಲಿ ಗಂಜಿ ಮಾಡಿಟ್ಟಿದ್ದರು. ತಣ್ಣಗಾದ ಗಂಜಿ, ಮೊಸರನ್ನ, ರಾಗಿ ಅಂಬಲಿ ಧಾರಾಳ ಸಾಕು, ಉಪ್ಪಿನಕಾಯಿ ಮಾತ್ರ ಬೇಡ.

ನನ್ನ ಬಾಯಿಯ ಭಾಷೆಯೂ ಹೆಚ್ಚು ಮೇಲೇನಲ್ಲ. ಒಬ್ಬರು ಅಮ್ಮನಿಗೆ, ಪೂರ್ತಿ ಮಂಪರು ಬೇಡ, "ಲೋಕಲ್ ಕೊಟ್ಟು ಮಾಡ್ತೇನೆ" ಎಂದೆ. ಅವರು ಮಗಳ ಕೈ ಹಿಡಿದುಕೊಂಡು ಎದ್ದೇಬಿಟ್ಟರು. "ಲೋಕಲ್ ಬೇಡ ಡಾಕ್ಟ್ರೇ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಒಳ್ಳೆ ಕಂಪನಿದೇ ಹಾಕಿ." ನಗಬೇಡಿ, ತಪ್ಪು ನನ್ನದು. ಆ ಜಾಗ ಮಾತ್ರ ಮರಗಟ್ಟುವ ಇಂಜೆಕ್ಷನ್ ಅಂದಿದ್ದರೆ ಮುಗಿದುಹೋಗುತ್ತಿತ್ತು.

ಆ ಅಮ್ಮ, ಮಗಳು ಬಂದದ್ದರಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮಗಳಿಗೆ 22 ವರ್ಷ, ಐಟಿ ಕಂಪನಿಯಲ್ಲಿ ಕೆಲಸ. ಅರ್ಧ ಗಂಟೆ ಮಾತಾಡಿದೆವು. ಪ್ರಶ್ನೆ ಕೇಳಿದ್ದು ಅಮ್ಮ, ಉತ್ತರ ಕೊಟ್ಟದ್ದು ನಾನು, ಫೋನಿನಲ್ಲಿ ಸೂಚನೆ ಕೊಟ್ಟದ್ದು ಊರಿನಲ್ಲಿದ್ದ ದೊಡ್ಡಪ್ಪ. ಹಲ್ಲು ಇದ್ದವಳು ಬಾಯಿ ತೆರೆದದ್ದು ನಾನು ಕನ್ನಡಿ ಹಾಕಿದಾಗ ಮಾತ್ರ. ನಮ್ಮಲ್ಲಿ ಹೀಗೆಯೇ. ಮನೆಯವರು ಜೊತೆಗಿರುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಕಾನೂನು ಏನನ್ನುತ್ತದೆ ಅಂತ ಗೊತ್ತಿರಲಿ. ದಿಲ್ಲಿಯಲ್ಲಿ 1995ರಲ್ಲಿ ಸಮೀರಾ ಕೊಹ್ಲಿ ಎಂಬ 44 ವರ್ಷದ ಮಹಿಳೆ ಪರೀಕ್ಷೆಗೆಂದು ಮಂಪರಿನಲ್ಲಿದ್ದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಕೇಳಿ ಅವರ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಪ್ರಾಣಾಪಾಯದ ತುರ್ತು ಇಲ್ಲದಿದ್ದಾಗ, ಬುದ್ಧಿ ಸರಿಯಿರುವ ವಯಸ್ಕರ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಪರೀಕ್ಷೆಗೆ ಕೊಟ್ಟ ಸಹಿ ಆಪರೇಷನ್ನಿಗೆ ಸಲ್ಲುವುದಿಲ್ಲ, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗುತ್ತದೆ ಎಂದೂ ರೋಗಿಗೆ ತಿಳಿಸಬೇಕು. ನೋಡಿ, ನನ್ನ ಮಗಳು ಕೇಳಿದ ಪ್ರಶ್ನೆಯೇ ಅಲ್ಲೂ ಇದೆ. ಗರ್ಭಕೋಶದ ಮುಂದೆ ಹಲ್ಲು ಎಷ್ಟರದ್ದು ಅನ್ನಬಹುದು ನೀವು. ಸಹಿ ಹಾಕಿಸುವ ರೀತಿ ಮಾತ್ರ ಒಂದೇ. ಇಂಜೆಕ್ಷನ್ ಕೊಟ್ಟು ತುಟಿ ದಪ್ಪವಾದ ಮೇಲೆ, ಇಂಗ್ಲಿಷಿನ ಕಾಗದ ಮುಂದಿಟ್ಟು "ಇಲ್ಲೊಂದು ಸೈನ್" ಅನ್ನುವುದನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ.

ಅದು ನಿಂತದ್ದು ಒಬ್ಬ ಸ್ಯಾಕ್ಸೊಫೋನ್ ನುಡಿಸುವವನಿಂದ.

ಉಡುಪಿ ಹತ್ತಿರದ ಕಾಪು ಕಡೆಯವನು, ಇಲ್ಲಿ ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾನೆ. ಕೆಳಗಿನ ಎಡಬದಿಯ ಬುದ್ಧಿಹಲ್ಲು ಮೂರು ಸಲ ಊದಿತ್ತು, ತೆಗೆಯಬೇಕಾದದ್ದೇ. ಫಾರಮಿನಲ್ಲಿ ಉದ್ಯೋಗ: ಹೋಟೆಲ್. ನಾನು ಮುಂದೆ ಕೇಳಲಿಲ್ಲ. ಕೆಳದವಡೆಯ ಮೂಳೆಯೊಳಗೆ ಒಂದು ಕಾಲುವೆ ಇದೆ, ಅದರಲ್ಲಿ ತುಟಿಗೂ ಗದ್ದಕ್ಕೂ ಸ್ಪರ್ಶ ಕೊಡುವ ನರ ಹೋಗುತ್ತದೆ. ದೊಡ್ಡ ಎಕ್ಸ್‌ರೇಯಲ್ಲಿ, ಓಪಿಜಿ ಅನ್ನುತ್ತೇವಲ್ಲ, ಅದರಲ್ಲಿ ಹಲ್ಲಿನ ಬೇರು ಆ ಕಾಲುವೆಯನ್ನು ದಾಟುವ ಕಡೆ ಕಪ್ಪಾಗಿ ಕಂಡರೆ, ಕಾಲುವೆಯ ಬಿಳಿ ಗೆರೆ ಅಲ್ಲಿ ತುಂಡಾದರೆ, ಎರಡೂ ಅಂಟಿಕೊಂಡಿವೆಯೋ ಏನೋ ಎಂದು ಅನುಮಾನ. ಅವನದರಲ್ಲಿ ಗೆರೆ ತುಂಡಾಗಿತ್ತು. ನಾನು ನೋಡಿದ್ದೆ. "ಒಂದೊಂದು ಸಲ ತುಟಿ ಸ್ವಲ್ಪ ದಿನ ಜೋಮು ಹಿಡಿಯುತ್ತೆ, ಏನಾಗಲ್ಲ" ಅಂದೆ. ಅವನು ತಲೆ ಆಡಿಸಿದ. ತಾತ್ಕಾಲಿಕ ಜೋಮು ನೂರರಲ್ಲಿ ಕೆಲವರಿಗೆ ಬರುತ್ತದೆ, ಪೂರ್ತಿ ಹೋಗದೆ ಉಳಿಯುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಬೇರು ನರಕ್ಕೆ ತಾಗಿದ್ದರೆ ಈ ಲೆಕ್ಕ ಏರುತ್ತದೆ.

ಅವನಿಗೆ ಬಂತು. ಹತ್ತು ದಿನ ಬಿಟ್ಟು ಹೊಲಿಗೆ ತೆಗೆಸಲು ಬಂದವನು ಕಪ್ಪು ಪೆಟ್ಟಿಗೆಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ತೆರೆದು, ವಾದ್ಯ ಜೋಡಿಸಿ, ನನ್ನ ಮುಂದೆಯೇ ಬಾಯಿಗಿಟ್ಟ. ಸ್ಯಾಕ್ಸೊಫೋನಿನ ರೀಡು, ಊದಿದಾಗ ಅದುರಿ ಸ್ವರ ಹೊರಡಿಸುವ ತೆಳು ಪಟ್ಟಿ, ಕೂರುವುದೇ ಕೆಳತುಟಿಯ ಮೇಲೆ. ಎಡಮೂಲೆಯಿಂದ ಗಾಳಿ ಪುಸಪುಸ ಸೋರಿತು, ಜೊಲ್ಲು ಇಳಿಯಿತು, ಅದು ಇಳಿದದ್ದು ಅವನಿಗೆ ಗೊತ್ತಾಗಲಿಲ್ಲ. ಮದುವೆ ಸೀಸನ್ನಿನಲ್ಲಿ ಆರು ಮುಹೂರ್ತ ಒಪ್ಪಿಕೊಂಡಿದ್ದನಂತೆ. "ತುಟಿ ಇಲ್ಲೇ ಉಂಟು ಡಾಕ್ಟ್ರೇ, ಆದರೆ ಬೇರೆಯವರ ತುಟಿ ಇಟ್ಟುಕೊಂಡ ಹಾಗೆ ಆಗ್ತದೆ" ಅಂದ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭ ಆಗುತ್ತಿತ್ತು. "ಮೊದಲೇ ಹೇಳಿದ್ದರೆ ಈ ಆರು ಮದುವೆ ಕಳೆಸಿಕೊಂಡು ಬರ್ತಿದ್ದೆ" ಅಂತಷ್ಟೇ ಹೇಳಿದ.

ಐದು ತಿಂಗಳಲ್ಲಿ ಸ್ಪರ್ಶ ಮರಳಿತು, ಗದ್ದದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬಿಟ್ಟು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ಮಾಂಟ್ಗೊಮೆರಿ ಎಂಬ ತಾಯಿಯ ಹೆರಿಗೆಯ ಪ್ರಕರಣದಲ್ಲಿ ಒಂದು ಮಾತು ಹೇಳಿದೆ. ಅಪಾಯ ಶೇಕಡಾ ಎಷ್ಟು ಎಂಬುದೊಂದೇ ಲೆಕ್ಕವಲ್ಲ, ಎದುರಿಗೆ ಕೂತ ಈ ರೋಗಿಗೆ ಆ ಅಪಾಯ ದೊಡ್ಡದಾ ಎಂದು ಡಾಕ್ಟರು ಯೋಚಿಸಬೇಕು ಎಂದು. ನನಗೆ ಕೋರ್ಟು ಬೇಕಾಗಲಿಲ್ಲ, ಆ ಪುಸಪುಸ ಸಾಕಾಯಿತು. ಫಾರಮಿನ ಉದ್ಯೋಗದ ಗೆರೆಯ ಕೆಳಗೆ ಈಗ ಇನ್ನೊಂದು ಗೆರೆ ಇದೆ: ಬಾಯಿಯಿಂದ ಮಾಡುವ ಕೆಲಸ ಏನಾದರೂ ಇದೆಯಾ? ಭಜನೆ ಹಾಡುವವರು, ಭಾಗವತಿಕೆ ಮಾಡುವವರು, ಟೀಚರುಗಳು, ಕಾಲ್‌ಸೆಂಟರಿನವರು, ಅಡುಗೆ ರುಚಿ ನೋಡುವ ಭಟ್ಟರು, ಎಲ್ಲರೂ ಅಲ್ಲಿ ಬರೆಯುತ್ತಾರೆ.

ಕನ್ನಡದಲ್ಲಿ ಒಂದು ಹಾಳೆಯನ್ನೂ ಮಾಡಿದ್ದೇನೆ, ಹಿಂದೆ ಮೇಜಿನ ಮೇಲಿದೆ, ಹೋಗುವಾಗ ತೆಗೆದುಕೊಳ್ಳಿ. ತೆಗೆಸಿದರೆ ಲಾಭ ಏನು, ಅಪಾಯ ಏನು, ಬೇರೆ ದಾರಿ ಏನು, ಏನೂ ಮಾಡದಿದ್ದರೆ ಏನು. ಈ ನಾಲ್ಕು ಪ್ರಶ್ನೆ ನನ್ನ ಸ್ವಂತದ್ದಲ್ಲ, ರೋಗಿಗಳು ಡಾಕ್ಟರನ್ನು ಕೇಳಲಿ ಎಂದು ಬ್ರಿಟನ್ನಿನಲ್ಲಿ ಹೇಳಿಕೊಡುತ್ತಾರೆ. ನಾನು ಮಾಡಿದ ಬದಲಾವಣೆ ಒಂದೇ, ಕೊನೆಯದನ್ನು ಮೊದಲಿಗೆ ತಂದೆ. ಹಾಳೆಯನ್ನು ಇಂಜೆಕ್ಷನ್ನಿಗೆ ಮೊದಲಲ್ಲ, ಹಿಂದಿನ ಭೇಟಿಯಲ್ಲೇ ಕೊಡುತ್ತೇನೆ, ಮನೆಗೆ ಒಯ್ದು ಓದಲಿ ಎಂದು. ಜೋಮಿನ ವಿಷಯಕ್ಕೆ ನಾನು "ಸ್ಪರ್ಶಜ್ಞಾನದಲ್ಲಿ ವ್ಯತ್ಯಯ" ಎಂದು ಬರೆದಿದ್ದೆ. ಸ್ಯಾಕ್ಸೊಫೋನಿನವನಿಗೆ ಮೊದಲ ಪ್ರತಿ ತೋರಿಸಿದೆ. ಪೆನ್ನು ಕೇಳಿ, ಅದನ್ನು ಹೊಡೆದುಹಾಕಿ, ಮೇಲೆ ಬರೆದ: ತುಟಿ ಬೇರೆಯವರದ್ದು ಅನಿಸಬಹುದು. ಈಗ ಹಾಳೆಯಲ್ಲಿ ಅದೇ ಇದೆ.

ಅವನ ಬಲಬದಿಯ ಹಲ್ಲು ಇನ್ನೂ ಇದೆ. ಅದೂ ನರಕ್ಕೆ ತಾಗಿದೆ, ಸ್ಕ್ಯಾನ್ ಮಾಡಿಸಿ ನೋಡಿದ್ದೇವೆ. ಒಂದೇ ಸಲ ಊದಿದೆ, ಅದೂ ಸಣ್ಣದಾಗಿ. ಮತ್ತೆ ಊದಿದರೆ ಪೂರ್ತಿ ಕೀಳದೆ, ತಲೆ ಮಾತ್ರ ಕತ್ತರಿಸಿ ಬೇರನ್ನು ಅಲ್ಲೇ ಬಿಡುವ ಕ್ರಮ ಒಂದುಂಟು, ಕೊರೊನೆಕ್ಟಮಿ. ನರಕ್ಕೆ ಅಪಾಯ ಕಡಿಮೆ. ಆದರೆ ಉಳಿದ ಬೇರು ಮುಂದೆ ಮೇಲಕ್ಕೆ ಸರಿದು ಇನ್ನೊಮ್ಮೆ ಕೈಹಾಕಬೇಕಾಗಬಹುದು. ಎರಡನ್ನೂ ಹೇಳಿದೆ. ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದವನು ಮರುವಾರ ಬಂದು, ಈಗ ಬೇಡ ಅಂದ. ಆರು ತಿಂಗಳಿಗೊಮ್ಮೆ ತೋರಿಸುತ್ತಾನಂತೆ. ತಲೆ ಕತ್ತರಿಸಲೇಬೇಕಾದರೆ ಮಳೆಗಾಲದ ಆಟಿ ತಿಂಗಳಲ್ಲಿ ಅಂತ ಅವನೇ ಗುರುತು ಹಾಕಿಕೊಂಡಿದ್ದಾನೆ, ಆಗ ಮದುವೆಗಳು ಇರುವುದಿಲ್ಲವಲ್ಲ.